ಹೊಸ್ತಿಲು ದಾಟಿದ ಕುದುರೆ

ಚನ್ನಪಟ್ಟಣದ ಹಳೇ ಮೈಸೂರು ರಸ್ತೆಯಲ್ಲಿ ನಮ್ಮದೊಂದು ಬೊಂಬೆ ಅಂಗಡಿ. ಈಗಲೂ ಬೆಳಿಗ್ಗೆ ಬಾಗಿಲು ತೆರೆದು, ಮುಂದಕ್ಕೆ ನೀರು ಹಾಕಿ ಕೂರುತ್ತೇನೆ. ಮೊದಲೆಲ್ಲ ಭಾನುವಾರ ಬಂದರೆ ಕಾರು ನಿಲ್ಲಿಸಲು ಜಾಗ ಸಾಲದೆ ಎದುರಿನ ಗ್ಯಾರೇಜಿನವರು ನಮ್ಮ ಮೇಲೆ ರೇಗುತ್ತಿದ್ದರು. ಈಗ ಅವರೂ ನನ್ನ ಹಾಗೆ ರಸ್ತೆ ನೋಡುತ್ತ ಕೂತಿರುತ್ತಾರೆ. ಮೈಸೂರು ನೋಡಲು ಹೋಗುವವರು ಊರಿನ ಆಚೆಯಿಂದಲೇ ಹೊಸ ರಸ್ತೆಯಲ್ಲಿ ಹೋಗಿಬಿಡುತ್ತಾರೆ.

ಆ ರಸ್ತೆಯಿಂದ ಕಾರುಗಳು ಕೆಳಗಿಳಿಯುವ ಕಡೆ ನನ್ನ ಓರಗಿತ್ತಿಯ ಅಂಗಡಿ ಇದೆ. ಅಣ್ಣತಮ್ಮಂದಿರು ಪಾಲಾದಾಗ ನನ್ನ ಯಜಮಾನರಿಗೆ ಈ ಅಂಗಡಿ ಬಂತು, ಮೈದುನನಿಗೆ ಹುರುಳಿಯೂ ನೆಟ್ಟಗೆ ಬೆಳೆಯದ ಕಲ್ಲು ಹೊಲ. ಅವತ್ತು ಅವಳು ಅತ್ತಿದ್ದಳು, ಸಮಾಧಾನ ಹೇಳಿದವಳು ನಾನು. ಹೊಸ ರಸ್ತೆ ಆ ಹೊಲದ ಪಕ್ಕಕ್ಕೇ ಬಂತು. ಸುದ್ದಿ ಕೇಳಿ ನನ್ನ ಯಜಮಾನರು ನಕ್ಕು, ತಮ್ಮನ ಬೆನ್ನು ತಟ್ಟಿ ಬಂದರು. ನನಗೆ ನಗು ಬರಲಿಲ್ಲ.

ಯಜಮಾನರು ತೀರಿಹೋದ ಮೇಲೆ ನನ್ನ ಹೊಟ್ಟೆಕಿಚ್ಚು ಇನ್ನೂ ಹೆಚ್ಚಾಯಿತು. ಒಂದು ದಿನ ಅವಳ ಅಂಗಡಿಗೆ ಹೋಗಿದ್ದೆ. ಗಾಜಿನ ಬಾಗಿಲ ತುಂಬ ಮಕ್ಕಳ ಬೆರಳಿನ ಗುರುತು. ಒರೆಸಿ ಒರೆಸಿ ಸಾಕಾಯಿತು ಎಂದು ಬೈದುಕೊಳ್ಳುತ್ತಿದ್ದಳು. ನಮ್ಮ ಗಾಜನ್ನು ವಾರಗಟ್ಟಲೆ ಒರೆಸುವ ಕೆಲಸವೇ ಇಲ್ಲ. ಹಿಂದುಗಡೆ ಮೈದುನ ಲೇತಿನ ಮುಂದೆ ಕೂತು ಬುಗುರಿ ಕಡೆಯುತ್ತಿದ್ದ. ಮರದ ಹೊಟ್ಟು ಅವನ ತಲೆಗೂದಲಿಗೆಲ್ಲ ಹತ್ತಿತ್ತು. ಟೀ ಕೊಡಲು ಹೋದವಳು ಸೆರಗಿನಿಂದ ಆ ಹೊಟ್ಟನ್ನು ಕೊಡವಿ ಬಂದಳು. ಕಾರುಗಳನ್ನೂ ಗಿರಾಕಿಗಳನ್ನೂ ಕಂಡು ಹೊಟ್ಟೆ ಉರಿದಿತ್ತು, ನಿಜ. ಆದರೆ ಅವಳು ಹೊಟ್ಟು ಕೊಡವಿದ್ದನ್ನು ಕಂಡ ಮೇಲೆ ಅಲ್ಲಿ ಕೂರಲು ಆಗಲಿಲ್ಲ. ಟೀ ಕುಡಿಯದೆ ಎದ್ದು ಬಂದೆ.

ನನ್ನ ಯಜಮಾನರ ಕೈಯದು ಅಂತ ಉಳಿದದ್ದು ಒಂದೇ ಬೊಂಬೆ. ಚಕ್ರದ ಮೇಲೆ ನಿಂತ ಕೆಂಪು ಕುದುರೆ, ಕೊರಳಿಗೆ ಎಳೆಯುವ ದಾರ. ಅರಗಿನ ಬಣ್ಣ ಹಿಡಿಸಿ, ತಾಳೆಗರಿಯಿಂದ ತಿಕ್ಕಿ ಹೊಳಪು ಬರಿಸಿ, ಕಿಟಕಿಯಲ್ಲಿ ಇಟ್ಟಿದ್ದರು. ಮಿಕ್ಕವೆಲ್ಲ ಬೇರೆಯವರಿಂದ ತಂದ ಮಾಲು. ಕುದುರೆಯನ್ನು ಮಾರಬಾರದು ಎಂದು ತೀರ್ಮಾನ ಮಾಡಿದ್ದೆ. ಆದರೆ ಅದನ್ನು ಕಿಟಕಿಯಿಂದ ತೆಗೆದು ಒಳಗಿಡಲು ಮನಸ್ಸು ಬರಲಿಲ್ಲ. ಅವರು ಇಟ್ಟ ಜಾಗ ಅದು.

ಓರಗಿತ್ತಿ ಒಮ್ಮೆ ಅದನ್ನು ಕೇಳಿದಳು. ಭಾವನ ಕೆಲಸ ಅಂದರೆ ಜನ ಈಗಲೂ ಹುಡುಕಿಕೊಂಡು ಬರುತ್ತಾರಂತೆ.

‘ಕೊಡಲ್ಲ. ಬೇಕು ಅನ್ನೋರನ್ನ ಇಲ್ಲಿಗೇ ಕಳ್ಸು’ ಅಂದೆ.

‘ಇಲ್ಲಿಗ್ಯಾರು ಬತ್ತಾರಕ್ಕ?’ ಅಂದಳು. ಚುಚ್ಚಲು ಅಂದದ್ದಲ್ಲ. ಆದರೂ ಅಂದಳಲ್ಲ.

ನಮ್ಮ ಅಂಗಡಿಗೆ ಒಂದು ಪದ್ಧತಿ ಇತ್ತು. ಎಳೆಯುವ ಬೊಂಬೆಯನ್ನು ಕಾಗದದಲ್ಲಿ ಸುತ್ತುವ ಮೊದಲು ಮಗುವಿನ ಕೈಗೆ ದಾರ ಕೊಡಬೇಕು, ಮಗು ಒಂದು ಸಲ ಎಳೆಯಬೇಕು. ಎಳೆದುಕೊಂಡು ಹೊಸ್ತಿಲು ದಾಟಿತೋ, ಆ ಬೊಂಬೆ ಮಗುವಿನದು. ಆಮೇಲೆ ಅಪ್ಪ ಅಮ್ಮ ಎಷ್ಟೇ ಚೌಕಾಸಿ ಮಾಡಲಿ, ಯಜಮಾನರು ಕೊಟ್ಟದ್ದು ಇಸಿದುಕೊಂಡು ಕಳಿಸಿಬಿಡುತ್ತಿದ್ದರು. ಹೊಸ್ತಿಲು ದಾಟಿದ್ದನ್ನು ಮತ್ತೆ ಒಳಗೆ ತಂದು ಹಲಗೆ ಮೇಲೆ ಇಡುವ ಹಾಗಿಲ್ಲ. ಇದಕ್ಕಾಗಿ ನಾನು ಅವರ ಹತ್ತಿರ ಎಷ್ಟೋ ಸಲ ಜಗಳವಾಡಿದ್ದೇನೆ.

ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಅಂಗಡಿಯ ಮುಂದೆ ಕಾರು ನಿಂತಿತು. ದಾರಿ ತಪ್ಪಿದವರು ಅಂದುಕೊಂಡೆ. ಗಂಡ, ಹೆಂಡತಿ, ಮೂರು ನಾಲ್ಕು ವರ್ಷದ ಹೆಣ್ಣುಮಗು. ಹೊಸ ರಸ್ತೆ ಹತ್ತಿರದ ಅಂಗಡಿಯಮ್ಮ ಕಳಿಸಿದರು, ಕೆಂಪು ಕುದುರೆ ಇಲ್ಲಿದೆಯಂತೆ ಎಂದರು. ಬಂದ ಗಿರಾಕಿಯನ್ನು ಇನ್ನೊಬ್ಬರ ಅಂಗಡಿಗೆ ಕಳಿಸುವಷ್ಟು ಅವಳಿಗೆ ಗಿರಾಕಿಗಳಿದ್ದಾರಲ್ಲ, ಮೊದಲು ಉರಿದದ್ದೇ ಅದಕ್ಕೆ. ಮಾರುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಮಗು ಕಿಟಕಿಯ ಹತ್ತಿರ ಹೋಗಿ ದಾರ ಹಿಡಿದಿತ್ತು. ಅಮ್ಮ ಬೇಡ ಬೇಡ ಎನ್ನುತ್ತಲೇ ಕುದುರೆಯನ್ನು ಎತ್ತಿ ನೆಲಕ್ಕಿಟ್ಟಳು. ಚಕ್ರಗಳು ಸಿಮೆಂಟಿನ ಮೇಲೆ ಕಟಕಟ ಅಂದವು. ಆ ಸದ್ದು ಕೇಳಿ ಬಹಳ ದಿನವಾಗಿತ್ತು. ತಡೆಯಬಹುದಿತ್ತು, ನಾನು ಕೂತಿದ್ದ ಸ್ಟೂಲು ಬಾಗಿಲ ಪಕ್ಕದಲ್ಲೇ ಇತ್ತು. ಮಗು ಹಿಂದೆ ತಿರುಗಿ ಕುದುರೆ ಬರುತ್ತಿದೆಯಾ ಎಂದು ನೋಡಿತು. ಹೊಸ್ತಿಲಲ್ಲಿ ಕುದುರೆ ಒಂದು ಸಲ ಎಡವಿತು, ಆಮೇಲೆ ದಾಟಿತು.

ಮಗುವಿನ ಅಪ್ಪ ಬೆಲೆ ಕೇಳಿದರು. ನಾನು ಯಾವೂರು ಎಂದು ಕೇಳಿದೆ. ನನ್ನ ಯಜಮಾನರು ಗಿರಾಕಿಗಳನ್ನು ಮೊದಲು ಕೇಳುತ್ತಿದ್ದದ್ದೇ ಅದು. ಹೊಸೂರು ಎಂದರು. ಕೊಟ್ಟಷ್ಟು ಇಸಿದುಕೊಂಡೆ. ಕಾಗದ ಸುತ್ತಲು ಮಗು ಬಿಡಲಿಲ್ಲ.

ಸಂಜೆ ಓರಗಿತ್ತಿ ಫೋನು ಮಾಡಿದಳು.

‘ಬಂದಿದ್ರಾ ಅಕ್ಕ?’

‘ಬಂದಿದ್ರು.’

‘ಕುದ್ರೆ?’

‘ಎಳ್ಕೊಂಡೋಯ್ತು ಮಗು.’

ಆ ಪದ್ಧತಿ ಅವಳಿಗೂ ಗೊತ್ತು. ‘ಹೊಸ್ತಿಲು ದಾಟುಸ್ತಾ?’ ಎಂದಳು. ಹೂಂ ಅಂದೆ. ‘ಹಂಗಾರೆ ಭಾವನೇ ಕೊಟ್ಟಂಗಾಯ್ತು ಬುಡಿ’ ಎಂದಳು.

ಅಷ್ಟರಲ್ಲಿ ಅವಳ ಕಡೆ ಯಾರೋ ಬುಗುರಿಗೆ ಬೆಲೆ ಕೇಳಿದರು. ಒಂದು ಮಗು ಏನೋ ಬೇಕೆಂದು ರಚ್ಚೆ ಹಿಡಿದಿತ್ತು. ಮೈದುನನ ಲೇತು ತಿರುಗುತ್ತಿತ್ತು. ಅವಳು ಫೋನು ಕೆಳಗಿಡದೆ ಗಿರಾಕಿಯ ಜೊತೆ ಮಾತಿಗೆ ನಿಂತಳು. ನಾನು ಕಿವಿಯಿಂದ ಫೋನು ತೆಗೆಯಲಿಲ್ಲ. ಅವಳಾಗಿ ಇಡುವತನಕ ಆ ಗದ್ದಲವನ್ನು ಕೇಳುತ್ತ ಕೂತಿದ್ದೆ.