ಪಾಟೀಲರ ಸೊನ್ನೆ

ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಮ್ಮವರ ಸಮಾರಂಭಗಳಲ್ಲಿ ನಾನು ಯಾರ ಮುಖವನ್ನೂ ನೋಡುವುದಿಲ್ಲ, ತಟ್ಟೆ ನೋಡಿಕೊಂಡು ಓಡಾಡುತ್ತೇನೆ. ಇವಳಿಗೆ ಜಂಬ ಅಂತ ಕೆಲವರು ತೀರ್ಮಾನಿಸಿದ್ದಾರೆ. ಜಂಬ ಪಡುವಂಥದ್ದು ನನ್ನ ಹತ್ತಿರ ಏನೂ ಇಲ್ಲ. ಟೆಕ್ಸಾಸಿನಲ್ಲಿ, ಡಾಲಸ್ ಪಕ್ಕದ ಇರ್ವಿಂಗಿನ ಒಂದು ದಿನಸಿ ಅಂಗಡಿಯ ಪಕ್ಕದ ಕೋಣೆಯಲ್ಲಿ ಕೂತು ಹತ್ತೊಂಬತ್ತು ವರ್ಷಗಳಿಂದ ಜನರ ಟ್ಯಾಕ್ಸ್ ರಿಟರ್ನ್ ತುಂಬುತ್ತಿದ್ದೇನೆ, ಅಷ್ಟೆ. ಮುಖ ಕಂಡರೆ ಹೆಸರಿಗಿಂತ ಮೊದಲು ಸಂಬಳ ನೆನಪಾಗುತ್ತದೆ. ಅವರು ಮಗಳ ಭರತನಾಟ್ಯದ ಬಗ್ಗೆ ಹೇಳುತ್ತಿದ್ದರೆ ನನ್ನ ತಲೆಯಲ್ಲಿ ಅವರು ಶೇರಿನಲ್ಲಿ ಕಳೆದುಕೊಂಡದ್ದು ಓಡುತ್ತಿರುತ್ತದೆ. ಸಾಕಾಗಿಹೋಗಿದೆ.

ಈ ದೇಶದ ಗುಟ್ಟಿನ ಲೆಕ್ಕಾಚಾರವೇ ವಿಚಿತ್ರ. ಕೇಂದ್ರ ಸರ್ಕಾರದ ತೆರಿಗೆ ಇಲಾಖೆಗೆ ನೀವು ಕೊಟ್ಟ ಕಾಗದ ಪರಮ ರಹಸ್ಯ. ಅದರಲ್ಲಿರುವುದನ್ನು ನಾನು ಬಾಯಿಬಿಟ್ಟರೆ ಲೈಸೆನ್ಸ್ ಹೋಗುತ್ತದೆ, ಜೈಲೂ ಆಗಬಹುದು. ಆದರೆ ಅದೇ ಮನುಷ್ಯನ ಮನೆಗೆ ಕೌಂಟಿ, ಅಂದರೆ ಇಲ್ಲಿನ ಜಿಲ್ಲಾಡಳಿತ, ಎಷ್ಟು ಬೆಲೆ ಕಟ್ಟಿದೆ, ಎಷ್ಟು ಚದರಡಿ, ಹಿತ್ತಲಲ್ಲಿ ಈಜುಕೊಳ ಇದೆಯೋ ಇಲ್ಲವೋ, ಎಲ್ಲವೂ ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಹೆಸರು ಹೊಡೆದರೆ ಸಾಕು. ನಮ್ಮವರು ಗೃಹಪ್ರವೇಶದ ಕರೆ ಬಂದ ಕೂಡಲೇ ಉಡುಗೊರೆ ಹುಡುಕುವುದಿಲ್ಲ, ಮೊದಲು ಇದನ್ನು ಹುಡುಕುತ್ತಾರೆ. ಹೋಳಿಗೆ ತಿನ್ನುವಾಗ "ಮನೆ ತುಂಬ ಚೆನ್ನಾಗಿದೆ, ಎಷ್ಟಾಯ್ತು?" ಅಂತ ಯಾರೂ ಕೇಳದಿದ್ದರೆ ಅದು ಸಂಕೋಚ ಅಂದುಕೊಳ್ಳಬೇಡಿ. ನೋಡಿಕೊಂಡೇ ಬಂದಿರುತ್ತಾರೆ. ನಾನೂ ನೋಡಿರುತ್ತೇನೆ. ಉಳಿದ ಅರ್ಧ ನನಗೆ ಗೊತ್ತೇ ಇರುತ್ತದೆ, ಹಾಗಾಗಿ ನನ್ನ ಪಾಪ ಇಮ್ಮಡಿ.

ಈಗ ಪಾಟೀಲರ ವಿಷಯ. ಪಾಟೀಲ ಅವರ ನಿಜವಾದ ಹೆಸರಲ್ಲ. ಊರು ಬದಲಿಸಿದ್ದೇನೆ, ಅವರಿಗೇ ಓದಿ ಹೇಳಿ ಒಪ್ಪಿಗೆ ತಗೊಂಡು ಬರೆಯುತ್ತಿದ್ದೇನೆ. ಆದ್ದರಿಂದ ಹುಡುಕಲು ಹೋಗಬೇಡಿ. ಹೋಗುತ್ತೀರಿ ಅಂತ ಗೊತ್ತು.

ಪಾಟೀಲರು ಧಾರವಾಡದವರು, ನನ್ನ ಹಳೆಯ ಕ್ಲೈಂಟು. ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್ ಪ್ರದೇಶದ ಒಂದು ತೈಲ ಕಂಪನಿಯಲ್ಲಿ ಇಂಜಿನಿಯರು. ಡಾಲಸ್ ಕಡೆ ಮನೆ, ಸೋಮವಾರ ನಸುಕಿಗೇ ನಾಲ್ಕು ಗಂಟೆ ಡ್ರೈವ್ ಮಾಡಿ ಹೋಗಿ ಗುರುವಾರ ಬರುತ್ತಿದ್ದರು. ಕಳೆದ ವರ್ಷ ಅವರು ಸಿಟಿ ಕೌನ್ಸಿಲ್ಲಿಗೆ ನಿಂತರು. ಶಾಲೆಯ ಮುಂದಿನ ತಿರುವಿಗೆ ಸಿಗ್ನಲ್ ಬೇಕು ಅನ್ನುವುದು ಅವರ ಮುಖ್ಯ ವಾದ. ಬಿಸಿಲಲ್ಲಿ ಮನೆಮನೆಗೆ ನಡೆದು ಬಾಗಿಲು ತಟ್ಟಿದರು. ಅವರನ್ನು ಅಷ್ಟು ಹುರುಪಿನಲ್ಲಿ ನಾನು ಎಂದೂ ನೋಡಿರಲಿಲ್ಲ. ಗೆಲ್ಲುತ್ತಾರೆ ಅನ್ನುವ ಮಾತೂ ಇತ್ತು.

ಮಾರ್ಚಿನ ಒಂದು ಭಾನುವಾರ ಯಾರದೋ ಮನೆಯ ಹಿತ್ತಲಲ್ಲಿ ಅವರ ಪರವಾಗಿ ಜನ ಸೇರಿಸಿದ್ದರು. ಬಿಸಿಬೇಳೆಬಾತ್ ಇತ್ತು, ಬೂಂದಿ ಇತ್ತು, ಮಕ್ಕಳು ಇಂಗ್ಲಿಷಿನಲ್ಲಿ ಕಿರುಚುತ್ತಿದ್ದವು. ಬೆಂಗಳೂರಿನ ಶ್ರೀಧರ್ ಅನ್ನುವ ಸಾಫ್ಟ್‌ವೇರ್ ಮನುಷ್ಯ ಎದ್ದು ನಿಂತರು. "ಸಾರ್, ಸ್ಟೇಟ್ ಟ್ಯಾಕ್ಸ್ ಇಲ್ಲ ಅಂತ ಟೆಕ್ಸಾಸ್‌ಗೆ ಬಂದ್ವಿ. ಈಗ ಎಲ್ಲಾ ಸೇರಿ ಕಟ್ಟೋದ್ ನೋಡಿದ್ರೆ ಎದೆ ಒಡೆಯುತ್ತೆ. ನೀವೆಷ್ಟು ಕಟ್ತೀರ, ಅದನ್ನ ಹೇಳಿ."

ಪಾಟೀಲರು ನಕ್ಕರು. "ಮನಿದು ಕಟ್ಟತೀನ್ರಿ. ಇನ್‌ಕಮ್ ಟ್ಯಾಕ್ಸ್ ಅಂದ್ರ, ನಂದು ಈ ವರ್ಷ ಸೊನ್ನಿ ನೋಡ್ರಿ."

ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಅದು ತಮಾಷೆಗೆ ಬಂದ ಮಾತಲ್ಲ, ಬಾಯಿ ತಪ್ಪಿ ಬಂದದ್ದು ಅಂತ ಆ ಹಿತ್ತಲಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನಾನು ಬಾತಿನಲ್ಲಿ ಗೋಡಂಬಿ ಹುಡುಕುತ್ತ ಕೂತೆ.

ಶ್ರೀಧರ್ ಮನೆಗೆ ಹೋದವರೇ ಕೌಂಟಿಗಳ ವೆಬ್‌ಸೈಟುಗಳನ್ನೆಲ್ಲ ಜಾಲಾಡಿದರು. ಆಸ್ಟಿನ್ ಹೊರಗೆ ಪಾಟೀಲರ ಹೆಸರಿನಲ್ಲಿ ಏಳು ಎಕರೆ ಸಿಕ್ಕಿತು, ಕಟ್ಟುತ್ತಿದ್ದ ತೆರಿಗೆ ಹೇಳಿಕೊಳ್ಳುವಷ್ಟೂ ಇರಲಿಲ್ಲ. ಕಾರಣ ಜೇನು. ಇಲ್ಲಿ ಜಮೀನಿನಲ್ಲಿ ನಾಲ್ಕು ಜೇನುಪೆಟ್ಟಿಗೆ ಇಟ್ಟರೆ ಅದು ಕೃಷಿ, ತೆರಿಗೆ ಇಳಿಯುತ್ತದೆ. ಜೇನು ಬಾಡಿಗೆಗೂ ಸಿಗುತ್ತದೆ. ದೊಡ್ಡ ದೊಡ್ಡ ಅಭ್ಯರ್ಥಿಗಳು ದನ ನಿಲ್ಲಿಸಿ ಮಾಡುವುದನ್ನು ನಮ್ಮ ಮಧ್ಯಮವರ್ಗ ಜೇನು ಕೂರಿಸಿ ಮಾಡುತ್ತದೆ. ಎಲ್ಲ ಕಾನೂನಿನ ಪ್ರಕಾರವೇ. ಆದರೆ ವಾಟ್ಸ್ಯಾಪ್ ಗುಂಪಿಗೆ ಅಷ್ಟು ಸಾಕಾಯಿತು. ಸುದ್ದಿ ಹ್ಯೂಸ್ಟನ್ ಮುಟ್ಟುವಷ್ಟರಲ್ಲಿ ಜೇನು ಒಂದು ಕಂಪನಿಯಾಗಿತ್ತು. ಆಸ್ಟಿನ್ನಿನ ಡೊಮೇನ್ ಅನ್ನುವ ಟೆಕ್ ಬಡಾವಣೆಯಲ್ಲಿ ಕೆಲಸ ಮಾಡುವ ಯಾರೋ ಆ ಕಂಪನಿ ಇರುವುದು ತೆರಿಗೆಯೇ ಇಲ್ಲದ ಒಂದು ದ್ವೀಪದಲ್ಲಿ ಅಂದರಂತೆ. ರಿಟರ್ನ್ ತೋರಿಸಲಿ ಅಂತ ಗಲಾಟೆ ಶುರುವಾಯಿತು. ಪಾಟೀಲರು ಅದು ಖಾಸಗಿ ಅಂದರು.

ಜನ ನನ್ನ ಹತ್ತಿರ ಬಂದರು. ಹೇಳುವ ಹಾಗಿಲ್ಲ ಅಂದೆ. "ನಿಮ್ ಮುಖ ನೋಡಿದ್ರೇ ಗೊತ್ತಾಗುತ್ತೆ ಬಿಡಿ ಮೇಡಂ, ದೊಡ್ಡದೇ ಏನೋ ಇದೆ" ಅಂದರು ಶ್ರೀಧರ್. ನಾನು ಬಾಯಿ ಮುಚ್ಚಿಕೊಂಡದ್ದೇ ಸಾಕ್ಷಿಯಾಗಿಹೋಯಿತು.

ನಿಜ ಏನೆಂದರೆ, ಆ ರಿಟರ್ನಿನಲ್ಲಿ ದ್ವೀಪ ಇರಲಿಲ್ಲ, ಪಾಟೀಲರ ಸಂಬಳವೂ ಇರಲಿಲ್ಲ. ಕಂಪನಿ ಪ್ರತಿ ಜನವರಿಯಲ್ಲಿ ಕೊಡುವ ಸಂಬಳದ ಚೀಟಿ ಆ ವರ್ಷ ಅವರಿಗೆ ಬಂದಿರಲೇ ಇಲ್ಲ. ಕೆಲಸ ಹೋಗಿ ಒಂದು ವರ್ಷದ ಮೇಲಾಗಿತ್ತು. ಹೆಂಡತಿ ಶೈಲಾ ಶಾಲೆಯಲ್ಲಿ ಬದಲಿ ಟೀಚರಾಗಿ ತರುತ್ತಿದ್ದುದಕ್ಕೆ ತೆರಿಗೆಯೇ ಬೀಳುತ್ತಿರಲಿಲ್ಲ. ಸೋಮವಾರ ಪಾಟೀಲರ ಕಾರು ಈಗಲೂ ಹೊರಡುತ್ತಿತ್ತು. ಹೋಗುತ್ತಿದ್ದದ್ದು ಆ ಏಳು ಎಕರೆಗೆ. ಅಲ್ಲಿ ಒಂದು ಕುರ್ಚಿ ಹಾಕಿಕೊಂಡು ಸಂಜೆಯವರೆಗೆ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದರಂತೆ.

ಗಂಡಹೆಂಡತಿ ಇಬ್ಬರನ್ನೂ ಆಫೀಸಿಗೆ ಕರೆದೆ. ಒಪ್ಪಿಗೆ ಪತ್ರ ಅಂತ ಒಂದಿದೆ. ಅದಕ್ಕೆ ಸಹಿ ಹಾಕಿದರೆ ನಾನು ನಾಲ್ಕು ಜನರ ಮುಂದೆ ನಿಂತು ಇವರು ಏನೂ ಬಚ್ಚಿಟ್ಟಿಲ್ಲ ಅಂತ ಹೇಳಬಹುದು. ರಿಟರ್ನೂ ತೋರಿಸಬಹುದು. ಪತ್ರವನ್ನು ಅವರ ಮುಂದಿಟ್ಟೆ.

ಶೈಲಾ ಪೆನ್ನನ್ನು ಗಂಡನ ಕಡೆ ಸರಿಸಿದರು. "ಸಹಿ ಮಾಡ್ರಿ. ಸುಮ್ನ ಯಾಕ ಕಳ್ಳ ಅನ್ನಿಸ್ಕೋತೀರಿ?"

ಪಾಟೀಲರು ಪತ್ರವನ್ನು ಎರಡು ಸಲ ಓದಿದರು. "ಕಳ್ಳ ಅಂದ್ರ ಅನ್ಲಿ ಬಿಡ್ರಿ, ಮೇಡಂ. ಶಾಣ್ಯಾ ಕಳ್ಳ ಅಂತಾರ. ಕೆಲಸ ಹೋದಾಂವ ಅಂದ್ರ ಅಯ್ಯೋ ಪಾಪ ಅಂತಾರ. ಅದನ್ನ ತಡಕೊಳ್ಳಾಕ ನನ್ನ ಕೈಲೆ ಆಗೂದಿಲ್ಲ."

"ಎಲೆಕ್ಷನ್ ಸೋತ್ರ?" ಅಂದರು ಶೈಲಾ.

"ಸೋತ್ರ ಸೋತೆ."

ನನಗೆ ಸಿಟ್ಟು ಬಂತು. ಪ್ರಾಮಾಣಿಕತೆಯನ್ನು ಬಚ್ಚಿಟ್ಟು ಮೋಸಗಾರನ ಹೆಸರು ಹೊತ್ತುಕೊಳ್ಳುವುದು ಎಂಥ ಹಟ ಅನ್ನಿಸಿತು. ಆಮೇಲೆ ಯೋಚಿಸಿದರೆ, ಹತ್ತೊಂಬತ್ತು ವರ್ಷದಲ್ಲಿ ಜನ ನನ್ನಿಂದ ಮುಚ್ಚಿಡಲು ಒದ್ದಾಡಿದ್ದು ಹಣ ಇದ್ದದ್ದನ್ನಲ್ಲ. ಇದ್ದದ್ದನ್ನು ಹೇಗೋ ಹೇಳಿಬಿಡುತ್ತಾರೆ, ಹೇಳುವಾಗ ಧ್ವನಿಯೂ ಸ್ವಲ್ಪ ಏರುತ್ತದೆ. ಇಲ್ಲದ್ದನ್ನು ಹೇಳುವಾಗ ಎದ್ದು ಬಾಗಿಲು ಹಾಕಿದೆಯೇ ಅಂತ ನೋಡಿ ಬರುತ್ತಾರೆ. ಕಾನೂನು ಬರೆದವರು ಶ್ರೀಮಂತರಿಗಾಗಿ ಈ ರಹಸ್ಯ ಇಟ್ಟರು ಅಂದುಕೊಂಡಿದ್ದೆ. ಅದು ಪಾಟೀಲರಂಥವರಿಗೂ ಒಂದು ಬಾಗಿಲು. ಆ ಪತ್ರ ನನ್ನ ಫೈಲಿನಲ್ಲಿ ಸಹಿಯಿಲ್ಲದೆ ಉಳಿಯಿತು.

ಅವರು ಸೋತರು. ಚೆನ್ನಾಗಿಯೇ ಸೋತರು. ಸಿಗ್ನಲ್ಲೂ ಬರಲಿಲ್ಲ.

ಈ ಜನವರಿಯಲ್ಲಿ ನನ್ನ ಬಾಗಿಲಿಗೆ ಹೊಸ ಕ್ಲೈಂಟುಗಳು ಬಂದರು. ಮೊದಲು ಬಂದವರು ಶ್ರೀಧರ್. ಕೂತವರು ತಮ್ಮ ಸಂಬಳದ ಚೀಟಿಯನ್ನು ಮೇಜಿನ ಮೇಲಿಟ್ಟು, ದೇವಸ್ಥಾನದಲ್ಲಿ ಮಾತಾಡುವ ಹಾಗೆ ಮೆಲ್ಲಗೆ ಕೇಳಿದರು: "ಮೇಡಂ, ಪಾಟೀಲರಿಗೆ ಅದೇನೋ ಮಾಡಿ ಸೊನ್ನೆ ಬರೋ ಹಾಗ್ ಮಾಡಿಕೊಟ್ರಲ್ಲ. ಅದನ್ನೇ ನಮಗೂ ಮಾಡಿಕೊಡಿ. ಫೀಸ್ ಎಷ್ಟಾದ್ರೂ ಪರವಾಗಿಲ್ಲ."

"ಅದು ನಿಮಗೆ ಬೇಡ ಬಿಡಿ, ಶ್ರೀಧರ್" ಅಂದೆ.

"ಯಾಕೆ ಮೇಡಂ, ಅವರಿಗೆ ಮಾತ್ರಾನಾ?" ಅವರಿಗೆ ನಿಜವಾಗಿಯೂ ಬೇಜಾರಾಗಿತ್ತು.

ಉತ್ತರ ಕೊಡುವ ಹಕ್ಕು ನನಗಿರಲಿಲ್ಲ. ಈ ಮನುಷ್ಯನಿಗೆ ಆ ಸೊನ್ನೆ ಎಂದೂ ಬಾರದಿರಲಿ ದೇವರೇ ಅಂದುಕೊಂಡು, ಅವರ ಸಂಬಳವನ್ನು ರಿಟರ್ನಿನ ಮೊದಲ ಸಾಲಿನಲ್ಲಿ ತುಂಬಿದೆ.