ಗೇಟಿನ ಮುಂದಿನ ಸ್ಪೀಡ್ ಬ್ರೇಕರ್ ಬಗ್ಗೆ ಅಭ್ಯರ್ಥಿಯ ನಿಲುವು

ವಿಧಾನಸಭೆಗೆ ನಿಂತ ಅಭ್ಯರ್ಥಿಯೊಬ್ಬರು ಇವತ್ತು ಪುಣೆಯ ಕೊಂಢವಾದಲ್ಲಿರುವ ನಮ್ಮ ಮನೆಗೆ ವೋಟು ಕೇಳಲು ಬಂದು, ಅತ್ತೆ ಸೊಸೆಗೆ ಜಗಳ ಹಚ್ಚಿ ಹೋದರು, ಕೇಳಿ.

ನಮ್ಮ ಗೇಟಿನ ಮುಂದಿನ ಸ್ಪೀಡ್ ಬ್ರೇಕರ್ ಎಂದರೆ ಅತ್ತೆಗೆ ಪ್ರಾಣ. ಅದಿಲ್ಲದಿದ್ದರೆ ಅವರಿಗೆ ರಸ್ತೆ ದಾಟಲು ಆಗುವುದಿಲ್ಲ. ನನಗೋ, ದಿನಾ ಸ್ಕೂಟರಿನಲ್ಲಿ ಅದನ್ನು ಹತ್ತಿಳಿದು ಸೊಂಟವೇ ಹೋಗಿದೆ. ಅದನ್ನು ತೆಗೆಯಬೇಡಿ ಎಂದು ಅತ್ತೆ ಬಾಗಿಲಲ್ಲೇ ಹೇಳಿದರು. ಅಭ್ಯರ್ಥಿ ನಗುತ್ತಾ ಕೈಮುಗಿದು, “ನಕ್ಕೀ, ಆಜಿ!” ಎಂದು ಮರಾಠಿಯಲ್ಲಿ ಮಾತು ಕೊಟ್ಟರು; ಖಂಡಿತ ಅಜ್ಜಿ, ಅಂತ. ನಾನು ಲಿಫ್ಟಿನ ತನಕ ಬೆನ್ನು ಹತ್ತಿ ಹೋಗಿ, ಅದನ್ನು ತೆಗೆಸಿ ಎಂದೆ. “ನಕ್ಕೀ, ತಾಈ!” ಖಂಡಿತ ಅಕ್ಕಾ, ಅಂತ. ಅದೇ ಕೈ, ಅದೇ ನಗು.

ಒಳಗೆ ಬಂದು ಗೆದ್ದವಳಂತೆ ಹೇಳಿದೆ, “ಅತ್ತೀ, ಅವ್ರು ತಗಸ್ತೀನಿ ಅಂದ್ರು ನೋಡ್ರಿ.”

“ನನಗ ತಗಸೂದಿಲ್ಲ ಅಂದಾರಲ್ಲ!”

“ಹಂಗಾದ್ರ ಇಬ್ರೊಳಗ ಒಬ್ರಿಗೆ ಸುಳ್ಳು ಹೇಳ್ಯಾರ್ರಿ.”

ಅತ್ತೆ ಶೇಂಗಾ ಸುಲಿಯುತ್ತಾ ಆರಾಮಾಗಿ ಅಂದರು, “ನಿನಗ ಹೇಳ್ಯಾರ ಬಿಡವಾ. ಆರಿಸಿ ಬಂದ ಮ್ಯಾಲೆ ಅವ್ರು ಏನೂ ಮಾಡ್ಲಿಲ್ಲಂದ್ರ ನನ್ನ ಕೆಲಸ ಆದಂಗ.”

ನಾಳೆ ಇನ್ನೊಬ್ಬ ಅಭ್ಯರ್ಥಿ ಬರುತ್ತಾರಂತೆ. ನಾನೂ ಈ ಸಲ, ಈಗಾಗಲೇ ನಮಗೆ ಇರುವುದನ್ನೇ ಏನಾದರೂ ಕೇಳಬೇಕೆಂದಿದ್ದೇನೆ.