ಬುತ್ತಿ ಕಿತ್ತುಕೊಂಡು ಓಡಿದ ಭಾವ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಂಪು ತೊಳೆಯುವ ದಿನ ಬ್ಲೀಚಿಂಗ್ ಪೌಡರಿನ ವಾಸನೆ ಮೆಟ್ಟಿಲು ಹತ್ತಿಕೊಂಡು ಮೂರನೆಯ ಮಹಡಿಯವರೆಗೂ ಬರುತ್ತದೆ. ಬೇರೆಯವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ನಾನು ದೇವರ ಮನೆಯಿಂದ ಒಂದು ಊದುಬತ್ತಿ ಹಚ್ಚಿ ತಂದು ಬಾಲ್ಕನಿಯಲ್ಲಿ ಹಿಡಿದು ನಿಲ್ಲುತ್ತೇನೆ. ಮೊನ್ನೆ ಶನಿವಾರ ಹೀಗೆ ನಿಂತಿದ್ದಾಗ ಪಕ್ಕದ ಮನೆಯ ರಮ್ಯಾ ಕಾಫಿ ಲೋಟ ಹಿಡಿದು ಅವಳ ಬಾಲ್ಕನಿಗೆ ಬಂದಳು.

“ಏನ್ ಆಂಟಿ, ಇವತ್ತೇನ್ ವಿಶೇಷ? ಬಾಲ್ಕನೀಲಿ ಪೂಜೆ?”

“ಪೂಜೆ ಅಲ್ಲಮ್ಮ. ಗಾಳಿ ಯಾವ ಕಡೆ ಬೀಸ್ತಿದೆ ಅಂತ ನೋಡ್ತಿದೀನಿ.”

ಒಳ್ಳೆಯ ಹುಡುಗಿ, ನಗಲಿಲ್ಲ. ಫೋನ್ ತೆಗೆದು ನೋಡಿ, “ಪಶ್ಚಿಮದಿಂದ ಅಂತೆ ಆಂಟಿ” ಎಂದಳು. ಫೋನು ಏನಾದರೂ ಹೇಳಲಿ, ಊದುಬತ್ತಿಯ ಹೊಗೆ ಮಾತ್ರ ತೆಂಕಣದಿಂದ ಬಂದು ನೇರವಾಗಿ ನನ್ನ ಕಣ್ಣಿಗೇ ನುಗ್ಗುತ್ತಿತ್ತು. ನನಗೆ ನಮ್ಮ ಭಾವನ ನೆನಪಾಯಿತು. ಕಣ್ಣಲ್ಲಿ ನೀರು ಬಂದದ್ದಕ್ಕೆ ಹೊಗೆಯದೆಷ್ಟು ಪಾಲು, ಭಾವನದೆಷ್ಟು ಪಾಲು ಎಂದು ಈಗ ವಿಂಗಡಿಸಲಾರೆ.

ಭಾವ ಎಂದರೆ ನಮ್ಮ ಯಜಮಾನರ ಅಣ್ಣ. ಸರ್ಕಾರದಲ್ಲಿ ಕಾರ್ಖಾನೆಗಳ ಇನ್ಸ್‌ಪೆಕ್ಟರ್ ಆಗಿದ್ದರು. ನಾನು ಮದುವೆಯಾಗಿ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಆಗಷ್ಟೇ ಈ ಕುಟುಂಬ ತ್ಯಾಗರಾಜನಗರದ ಬಾಡಿಗೆ ಮನೆ ಬಿಟ್ಟು ಜೆ.ಪಿ. ನಗರದಾಚೆ ಸ್ವಂತ ಮನೆ ಕಟ್ಟಿಕೊಂಡಿತ್ತು. ಭಾವನಿಗೆ ಮದುವೆಯಾಗಿರಲಿಲ್ಲ. ಅದಕ್ಕೆ ಕಾರಣವನ್ನು ನಮ್ಮತ್ತೆ ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು. ಹೆಣ್ಣು ನೋಡಲು ಹೋದ ಕಡೆ ಇವರು ಹುಡುಗಿಯ ಮುಖ ನೋಡುವ ಮೊದಲು ಅಡುಗೆಮನೆಗೆ ಇಣುಕಿ, “ಸ್ಟೌ ಪಕ್ಕದಲ್ಲೇ ಸೀಮೆಎಣ್ಣೆ ಡಬ್ಬ ಇಟ್ಟಿದೀರಲ್ಲ, ಯಾಕೆ?” ಎಂದು ಹುಡುಗಿಯ ತಂದೆಯನ್ನು ಕೇಳಿದರಂತೆ. ಸಂಬಂಧ ಅಲ್ಲಿಗೇ ಮುರಿಯಿತು. “ನೋಡು, ಡಬ್ಬ ನೋಡಕ್ಕೆ ಹೋಗಿದ್ದ ನನ್ನ ಮಗ, ಹುಡುಗೀನ ನೋಡಕ್ಕಲ್ಲ” ಎಂದು ಅತ್ತೆ ಹಣೆ ಚಚ್ಚಿಕೊಳ್ಳುತ್ತಿದ್ದರು.

ಮದುವೆ ಮನೆಗೆ ಹೋದರೆ ಭಾವ ಬಾಗಿಲ ಪಕ್ಕದ ಕುರ್ಚಿಯನ್ನೇ ಹುಡುಕುತ್ತಿದ್ದರು. ಸಿನಿಮಾಕ್ಕೆ ಹೋದರೆ ಮೊದಲು ಥಿಯೇಟರಿನ ಎರಡನೆಯ ಬಾಗಿಲು ತೆರೆಯುತ್ತದೋ ಇಲ್ಲವೋ ಎಂದು ಒಂದು ಸಲ ನೂಕಿ ನೋಡಿ ಬರಬೇಕು. ಅಷ್ಟರಲ್ಲಿ ಹೆಸರುಗಳು ತೋರಿಸುವುದೆಲ್ಲ ಮುಗಿದಿರುತ್ತಿತ್ತು. ಇನ್ನು ಈ ಊದುಬತ್ತಿ. ಅವರ ಸ್ಕೂಟರಿನ ಡಬ್ಬಿಯಲ್ಲಿ ಸದಾ ಒಂದು ಪೊಟ್ಟಣ ಇರುತ್ತಿತ್ತು. ಯಾವ ಕಾರ್ಖಾನೆಗೆ ತನಿಖೆಗೆ ಹೋದರೂ ಗೇಟಿನ ಹೊರಗೆ ಒಂದು ಹಚ್ಚಿ, ಹೊಗೆ ಯಾವ ಕಡೆ ವಾಲುತ್ತದೆ ಎಂದು ನೋಡಿಕೊಂಡೇ ಒಳಗೆ ಕಾಲಿಡುವುದು. ಏನಾದರೂ ಸೋರಿದರೆ ಯಾವ ಕಡೆ ಓಡಬೇಕು ಎಂಬುದು ಮೊದಲೇ ಗೊತ್ತಿರಬೇಕಲ್ಲ. ಗೇಟಿನ ಕಾವಲುಗಾರರು ಮಾತ್ರ ಇನ್ಸ್‌ಪೆಕ್ಟರ್ ಸಾಹೇಬರು ಬಹಳ ದೈವಭಕ್ತರು ಎಂದುಕೊಂಡು ತಾವೂ ಕೈ ಮುಗಿಯುತ್ತಿದ್ದರಂತೆ.

ನಮ್ಮ ಮನೆಯಿಂದ ಕೋಣನಕುಂಟೆ ಕಡೆಗೆ ಹೋಗುವ ದಾರಿಯಲ್ಲಿ ಆಗ ಒಂದು ಕಾರ್ಖಾನೆ ಇತ್ತು. ಬ್ಲೀಚಿಂಗ್ ಪೌಡರ್ ತಯಾರಿಸುವವರು. ಅದಕ್ಕೆ ಬೇಕಾದ ಕ್ಲೋರಿನ್ ಅನಿಲ ದೊಡ್ಡ ಉಕ್ಕಿನ ಪೀಪಾಯಿಗಳಲ್ಲಿ ಲಾರಿಯ ಮೇಲೆ ಬರುತ್ತಿತ್ತು. ಸುತ್ತ ರಾಗಿ ಹೊಲ, ನೀಲಗಿರಿ ತೋಪು, ಪಕ್ಕಕ್ಕೆ ಒಂದು ದೊಡ್ಡ ಬಂಡೆ, ನಡುನಡುವೆ ನಮ್ಮಂಥವರ ಹೊಸ ಮನೆಗಳು. ಆ ಕಾರ್ಖಾನೆಯ ಬಗ್ಗೆ ನಮಗೆ ಗೊತ್ತಿದ್ದದ್ದು ಅದರ ಕೂಗು ಒಂದೇ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ ಸೈರನ್ ಕೂಗುತ್ತಿತ್ತು. ಇಡೀ ಬಡಾವಣೆ ಅದರ ಮೇಲೆ ನಡೆಯುತ್ತಿತ್ತು. ಎಂಟರ ಕೂಗಿಗೆ ಮಕ್ಕಳು ಶಾಲೆಗೆ, ಹನ್ನೆರಡರ ಕೂಗಿಗೆ ಅತ್ತೆಯ ಸಾರಿಗೆ ಒಗ್ಗರಣೆ, ನಾಲ್ಕರ ಕೂಗಿಗೆ ಕಾಫಿ. ನಮ್ಮವರು ಜಯನಗರದ ನಾಲ್ಕನೇ ಬ್ಲಾಕಿನಿಂದ ಹೊಸ ಗೋಡೆ ಗಡಿಯಾರ ತಂದು ನೇತುಹಾಕಿದ್ದರು. ಅತ್ತೆ ಅದನ್ನು ಅಲಂಕಾರಕ್ಕೆ ಎಂದು ಭಾವಿಸಿದ್ದರು.

ಹನ್ನೆರಡರ ಕೂಗನ್ನು ನಮಗಿಂತ ಶ್ರದ್ಧೆಯಿಂದ ಕೇಳುತ್ತಿದ್ದವಳು ನಂಜಮ್ಮ. ಕೋಣನಕುಂಟೆಯವಳು. ಬೆಳಗ್ಗೆ ನಮ್ಮ ಬೀದಿಗಳಲ್ಲಿ ಸೊಪ್ಪು ಮಾರಿ, ಕೊನೆಗೆ ನಮ್ಮ ಜಗುಲಿಯ ಮೇಲೆ ಕಾಲು ಚಾಚಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಬುಟ್ಟಿಯಲ್ಲಿ ಸೊಪ್ಪಿನ ಅಡಿಯಲ್ಲಿ ಗಂಡನ ಬುತ್ತಿ: ಒಂದು ಕ್ಯಾರಿಯರಿನಲ್ಲಿ ಮುದ್ದೆ, ಸಾರು. ಗಂಡ ಮುನಿಯಪ್ಪ ಆ ಕಾರ್ಖಾನೆಯಲ್ಲಿ ಪೀಪಾಯಿ ಉರುಳಿಸುವ ಕೆಲಸದಲ್ಲಿದ್ದ. ಹನ್ನೆರಡಕ್ಕೆ ಸೈರನ್ ಕೂಗಿತೆಂದರೆ ಎಲ್ಲಿದ್ದರೂ ಎದ್ದಳು. ಅವಳಂತೆಯೇ ಇನ್ನೂ ಹಲವರು ಹೆಂಗಸರು ದಿಕ್ಕು ದಿಕ್ಕಿನಿಂದ ಬುತ್ತಿ ಹಿಡಿದು ಗೇಟಿಗೆ ನಡೆಯುತ್ತಿದ್ದರು.

ಭಾವನಿಗೆ ಚಿಂತೆ ಶುರುವಾದದ್ದು ಇದನ್ನು ನೋಡಿಯೇ. ಆ ಕಾರ್ಖಾನೆಗೆ ತನಿಖೆಗೆ ಹೋಗಿ ಬಂದ ದಿನ ಊಟಕ್ಕೆ ಕುಳಿತು ಅನ್ನ ಕಲಸುತ್ತಾ ಇದ್ದರೇ ಹೊರತು ಬಾಯಿಗೆ ಇಡಲಿಲ್ಲ.

“ಅಲ್ಲಮ್ಮ, ಊಟಕ್ಕೂ ಅದೇ ಕೂಗು, ಅನಿಲ ಸೋರಿದ್ರೂ ಅದೇ ಕೂಗು. ಕೇಳಿದ್ರೆ ಮ್ಯಾನೇಜರು ಹೇಳ್ತಾನೆ, ಸಾರ್, ಅಪಾಯ ಆದ್ರೆ ಉದ್ದಕ್ಕೆ ಕೂಗಿಸ್ತೀವಿ, ಜನಕ್ಕೆ ಅರ್ಥ ಆಗುತ್ತೆ ಅಂತ. ನಿನಗೆ ಅರ್ಥ ಆಗುತ್ತೇನಮ್ಮ?”

ಕೇಳಿದ್ದು ತಾಯಿಯನ್ನು. ಅತ್ತೆ ತುಪ್ಪ ಬಡಿಸುತ್ತಾ, “ಉದ್ದಕ್ಕೆ ಕೂಗಿದ್ರೆ ಒಳ್ಳೇದೇ ಕಣೋ, ಹಿತ್ತಲಲ್ಲಿದ್ರೂ ಕೇಳ್ಸತ್ತೆ” ಎಂದರು.

“ಹಾಗಾದ್ರೆ ಹೊರಗಿನ ಜನಕ್ಕೆ ತಿಳಿಸಿ ಅಂತ ನೀವೇ ಆರ್ಡರ್ ಮಾಡಬಹುದಲ್ಲ ಭಾವಾ?” ಎಂದೆ ನಾನು. ಹೊಸ ಸೊಸೆಯ ಉತ್ಸಾಹ.

“ಕಾರ್ಮಿಕರ ವಿಷಯ ನಾನು ಕೇಳಬಹುದಮ್ಮ. ಕಾಂಪೌಂಡಿಂದ ಆಚೆ ಇರೋ ನಿಮ್ಮ ವಿಷಯ ಕೇಳಕ್ಕೆ ನನಗೆ ಕಾನೂನೇ ಇಲ್ಲ. ಕ್ಲೋರಿನ್ನು ಕಾಂಪೌಂಡ್ ನೋಡಿ ನಿಂತ್ಕೊಳಲ್ವಲ್ಲ.”

ಒಳಗಿನದನ್ನಾದರೂ ಅವರು ಬಿಡಲಿಲ್ಲ. ಕಳ್ಳತನವಾಗುತ್ತದೆಂದು ಹಿಂದಿನ ಗೇಟಿಗೆ ಸದಾ ಬೀಗ ಜಡಿದಿರುತ್ತಿತ್ತು. ಅದನ್ನು ತೆಗೆಸಲೇಬೇಕೆಂದು ಹಟ ಹಿಡಿದು, ಹೋಗಿ ಬಂದು, ಜಗಳವಾಡಿ, ಕೊನೆಗೆ ತೆಗೆಸಿದರು. ಎರಡು ಬೇರೆ ಬೇರೆ ಸದ್ದು ಇಡಿ ಎಂಬುದನ್ನು ಮಾತ್ರ ಆ ಮ್ಯಾನೇಜರು ಕಿವಿಗೆ ಹಾಕಿಕೊಳ್ಳಲಿಲ್ಲ. ಭಾವ ಬೀದಿಯ ಮನೆ ಮನೆಗೂ ಹೋಗಿ, ಕ್ಲೋರಿನ್ ಗಾಳಿಗಿಂತ ಭಾರ, ನೆಲ ಹಿಡಿದೇ ಹರಿಯುತ್ತದೆ, ಸೋರಿದರೆ ಗಾಳಿ ಬೀಸುವ ದಾರಿ ಬಿಟ್ಟು ಪಕ್ಕಕ್ಕೆ ಓಡಿ ಎತ್ತರ ಹತ್ತಬೇಕು ಎಂದು ಹೇಳಿ ಬಂದರು. ಎಲ್ಲರೂ ಕಾಫಿ ಕೊಟ್ಟರು, ಉಪ್ಪಿಟ್ಟು ಕೊಟ್ಟರು, ಯಾಕಿನ್ನೂ ಮದುವೆಯಾಗಿಲ್ಲ ಎಂದು ಕೇಳಿದರು.

ಆಮೇಲೆ ಒಂದು ದಿನ. ಎಂಬತ್ತರ ದಶಕದ ಮೊದಲ ವರ್ಷಗಳು, ಯಾವುದೋ ರಜೆಯಿತ್ತೆಂದು ಭಾವ ಮನೆಯಲ್ಲಿದ್ದರು. ಕನ್ನಡಿ ಮುಂದೆ ಗಡ್ಡ ಕೆರೆದುಕೊಳ್ಳುತ್ತಿದ್ದರು. ನಂಜಮ್ಮ ಜಗುಲಿಯ ಮೇಲಿದ್ದಳು. ಸೈರನ್ ಕೂಗಿತು.

“ಅಯ್ಯೋ, ಹನ್ನೆರಡಾಯ್ತಾ! ಬೇಳೇನೇ ಬೆಂದಿಲ್ಲವಲ್ಲೇ” ಎಂದರು ಅತ್ತೆ. ನಾನು ಗಡಿಯಾರ ನೋಡಿದೆ. ಇನ್ನೂ ಹನ್ನೊಂದಾಗಿರಲಿಲ್ಲ. ಹೇಳಿದೆ. “ಕಾರ್ಖಾನೆ ಸುಳ್ಳು ಹೇಳತ್ತಾ? ನಿನ್ನ ಗಡಿಯಾರ ಕೆಟ್ಟಿದೆ, ಸರಿ ಮಾಡು” ಎಂದರು. ನಾನು, ಬಿ.ಎಸ್ಸಿ. ಪಾಸಾದವಳು, ಸ್ಟೂಲು ಹತ್ತಿ ಮುಳ್ಳನ್ನು ಹನ್ನೆರಡಕ್ಕೆ ತಿರುಗಿಸಿದೆ. ಹೊರಗೆ ನಂಜಮ್ಮ, “ಇವತ್ತು ಒತ್ತು ಓಗಿದ್ದೇ ಗೊತ್ತಾಗ್ಲಿಲ್ಲ ಅಕ್ಕಾವ್ರೇ” ಎನ್ನುತ್ತಾ ಬುತ್ತಿ ಹಿಡಿದು ಕಾರ್ಖಾನೆಯ ಕಡೆ ಬಿರಬಿರನೆ ನಡೆದಳು.

ಭಾವ ಅರ್ಧ ಮುಖಕ್ಕೆ ಸೋಪು ಮೆತ್ತಿಕೊಂಡೇ ದೇವರ ಮನೆಗೆ ನುಗ್ಗಿ, ಉರಿಯುತ್ತಿದ್ದ ಊದುಬತ್ತಿ ಕಿತ್ತುಕೊಂಡು ಬೀದಿಗೆ ಓಡಿದರು. ಹೊಗೆ ಕಾರ್ಖಾನೆಯ ದಿಕ್ಕಿನಿಂದ ನಮ್ಮ ಮನೆಯ ಕಡೆಗೇ ವಾಲುತ್ತಿತ್ತು. “ಒಲೆ ಆರಿಸಿ ಅಮ್ಮನ್ನ ಕರ್ಕೊಂಡು ಬಂಡೆ ಹತ್ತು” ಎಂದು ನನಗೆ ಕೂಗಿ ನಂಜಮ್ಮನ ಹಿಂದೆ ಓಡಿದರು. ಅತ್ತೆ, “ಒಗ್ಗರಣೆ ಹಾಕಿ ಬರ್ತೀನಿ ತಡಿ” ಎಂದರು. ನಾನು ಜೀವನದಲ್ಲಿ ಮೊದಲ ಸಲ ಅತ್ತೆಯ ಕೈ ಹಿಡಿದು ಎಳೆದೆ.

ಹೊರಗೆ ಬಂದಾಗ ಕಂಡದ್ದು ಇದು. ಭಾವ ರಸ್ತೆಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತಿದ್ದಾರೆ. ಬನಿಯನ್ನು, ಪಂಚೆ, ಅರ್ಧ ಬೆಳ್ಳಗಿನ ಮುಖ. ಎದುರಿಗೆ ನಂಜಮ್ಮ, ಅವಳ ಹಿಂದೆ ಬುತ್ತಿ ಹಿಡಿದ ಹೆಂಗಸರು.

“ಅನಿಲ ಸೋರಿದೆ, ಗೇಟಿನ ಕಡೆ ಹೋಗ್ಬೇಡಿ!”

“ಎಂತ ಅನ್ಲ ಸಾಮಿ? ನಮ್ಮನೆಯವ್ರು ಅಸ್ಕೊಂಡ್ ಕುಂತಿರ್ತಾರೆ, ದಾರಿ ಬುಡಿ.”

ವಿವರಿಸುವುದಕ್ಕೆ ಹೊತ್ತಿರಲಿಲ್ಲ. ವಿವರಿಸಿದರೆ ಯಾರೂ ಕೇಳುವುದಿಲ್ಲ ಎಂಬುದನ್ನು ಉಪ್ಪಿಟ್ಟು ತಿಂದು ತಿಂದು ಭಾವ ಕಲಿತಿದ್ದರು. ನಂಜಮ್ಮನ ಕೈಯಿಂದ ಕ್ಯಾರಿಯರನ್ನು ಒಮ್ಮೆಲೇ ಕಿತ್ತುಕೊಂಡು, ಗಾಳಿಗೆ ಅಡ್ಡಲಾಗಿ, ಹೊಲ ಹಾದು ಬಂಡೆಯ ಕಡೆಗೆ ಓಡತೊಡಗಿದರು!

ನಂಜಮ್ಮ ಒಂದು ಗಳಿಗೆ ಬಾಯಿ ಬಿಟ್ಟುಕೊಂಡು ನಿಂತಳು. ಆಮೇಲೆ, “ಅಯ್ಯಯ್ಯೋ, ಬುತ್ತಿ ಕಿತ್ಕೊಂಡ್ ಓಯ್ತಾವ್ನೆ! ಇಡ್ಕೊಳ್ರೇ!” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಅಟ್ಟಿಸಿಕೊಂಡು ಹೋದಳು. ಉಳಿದವರೂ ಹಿಂದೆ ಬಿದ್ದರು. ಸರ್ಕಾರಿ ಅಧಿಕಾರಿಯೊಬ್ಬರಿಗೆ ಅಂಥ ಬೈಗುಳ ಸಲ್ಲುವುದನ್ನು ನಾನು ಅದಕ್ಕೆ ಮುಂಚೆ ಕೇಳಿಲ್ಲ, ಆಮೇಲೂ ಕೇಳಿಲ್ಲ. ನಾನೂ ಅತ್ತೆಯೂ ಏದುಸಿರು ಬಿಡುತ್ತಾ ಅವರ ಹಿಂದೆ. ದಾರಿಯ ಮನೆಗಳವರೂ ಗಲಾಟೆ ಕೇಳಿ, ಏನೋ ತಮಾಷೆ ಎಂದು ಹಿಂಬಾಲಿಸಿದರು.

ಬಂಡೆ ಹತ್ತಿ ಹಿಂದಿರುಗಿ ನೋಡಿದಾಗ ಬೈಗುಳ ತಾನಾಗಿ ನಿಂತಿತು. ಕೆಳಗೆ ಕಾರ್ಖಾನೆಯ ಗೇಟಿನಿಂದ ಹಸಿರು ಹಳದಿ ಬಣ್ಣದ ಮಬ್ಬೊಂದು ನೆಲ ಬಿಡದೆ ರಸ್ತೆಯ ಮೇಲೆ ಹರಿಯುತ್ತಿತ್ತು. ನಂಜಮ್ಮ ಹೋಗಿ ನಿಲ್ಲುತ್ತಿದ್ದ ಜಾಗ ಅದರೊಳಗೆ ಮುಳುಗಿತ್ತು.

ಅವಳಿಗೆ ಆಗ ಎಲ್ಲ ತಿಳಿಯಿತು. ತಿಳಿದದ್ದೇ, “ನಮ್ಮನೆಯವ್ರು ಒಳಗವ್ರೆ!” ಎಂದು ಕೆಳಕ್ಕೆ ಓಡಹೊರಟಳು. ನಾನೂ ಅತ್ತೆಯೂ ಅವಳ ಎರಡು ತೋಳು ಹಿಡಿದುಕೊಂಡೆವು. ಭಾವ ಅವಳ ಮುಂದೆ ಕುಕ್ಕರುಗಾಲಲ್ಲಿ ಕುಳಿತು, “ಹಿಂದಿನ ಗೇಟಿಗೆ ಬೀಗ ಇಲ್ಲಮ್ಮ. ನಾನೇ ತೆಗೆಸಿದೀನಿ. ಗಾಳಿ ಈ ಕಡೆಗಿದೆ, ಅವರು ಆ ಕಡೆಯಿಂದ ಬಂದ್ಬಿಡ್ತಾರೆ, ನೋಡ್ತಿರು” ಎಂದರು. ದನಿ ಗಟ್ಟಿಯಾಗಿಯೇ ಇತ್ತು. ಆದರೆ ತೊಡೆಯ ಮೇಲಿದ್ದ ಕ್ಯಾರಿಯರು ಗಡಗಡ ಸದ್ದು ಮಾಡುತ್ತಿತ್ತು.

ನಾವು ಕಾದೆವು. ಕೊನೆಗೆ ಆಚೆ ಬದಿಯ ಹೊಲದಲ್ಲಿ ಒಬ್ಬೊಬ್ಬರಾಗಿ ಗಂಡಸರು ಕಾಣಿಸಿದರು, ಕೆಲವರು ಇನ್ನೊಬ್ಬರ ಹೆಗಲ ಮೇಲೆ ಭಾರ ಹಾಕಿಕೊಂಡು. “ಅಗೋ, ಕೆಂಪು ಟವಲ್ಲು!” ಎಂದಳು ನಂಜಮ್ಮ. ಅಷ್ಟು ಹೇಳಿ ಅಲ್ಲೇ ಬಂಡೆಯ ಮೇಲೆ ಕುಸಿದು ಅತ್ತಳು. ನನಗೂ ಅಳು ಬಂತು. ಅತ್ತೆಯವರು ನಮ್ಮಿಬ್ಬರನ್ನೂ ತಬ್ಬಿಕೊಂಡರು.

ಒಂದು ಪೀಪಾಯಿಯ ವಾಲ್ವ್ ಕಳಚಿಕೊಂಡಿತ್ತಂತೆ. ಯಾರೂ ಸಾಯಲಿಲ್ಲ. ಆದರೆ ಮುನಿಯಪ್ಪ ಬಹಳ ದಿನ ಆಸ್ಪತ್ರೆಯಲ್ಲಿದ್ದ, ಬದುಕಿರುವವರೆಗೂ ಕೆಮ್ಮಿದ. ಆ ಸಂಜೆ ಭಾವ ಉಳಿದರ್ಧ ಗಡ್ಡ ಕೆರೆದುಕೊಂಡು ಬಂದು ನನ್ನ ಹತ್ತಿರ ಮೆಲ್ಲಗೆ ಹೇಳಿದರು: “ಮತ್ತೆ ಬೀಗ ಹಾಕಿದ್ರೋ ಏನೋ, ನನಗೆ ಗೊತ್ತಿರಲಿಲ್ಲ ಕಣಮ್ಮ. ಸುಮ್ಮನೆ ಹೇಳ್ಬಿಟ್ಟೆ.”

ಆಮೇಲೆ ಪಾಳಿಗೆ, ಊಟಕ್ಕೆ ಕಬ್ಬಿಣದ ಕಂಬಿ ಬಾರಿಸುವುದೆಂದೂ, ಸೈರನ್ ಅಪಾಯಕ್ಕೆ ಮಾತ್ರವೆಂದೂ ಆಯಿತು. ಅತ್ತೆ ಗೊಣಗುತ್ತಲೇ ಗಡಿಯಾರ ನೋಡಲು ಕಲಿತರು. ಭಾವ ಆಗಾಗ ಹೆಂಗಸರನ್ನೆಲ್ಲ ನಮ್ಮ ಜಗುಲಿಯಲ್ಲಿ ಕೂರಿಸಿ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. “ಸೈರನ್ ಕೂಗಿದ್ರೆ?” “ಬಂಡೆ ಅತ್ತೀವಿ ಸಾಮಿ.” “ಬುತ್ತಿ?” ಅದಕ್ಕೆ ನಂಜಮ್ಮ, “ಅದನ್ನ ತಕೊಂಡ್ ಓಡಕ್ಕೆ ನೀವಿದ್ದೀರಲ್ಲ” ಎನ್ನುತ್ತಿದ್ದಳು. ಆಗದೇ ಹೋದ ಅನಾಹುತಕ್ಕೆ ಯಾರು ಹಾರ ಹಾಕುತ್ತಾರೆ ಹೇಳಿ? ಭಾವನಿಗೆ ಸಿಕ್ಕ ಬಿರುದು ‘ಬುತ್ತಿ ಕಳ್ಳ ಸಾಮಿ’ ಒಂದೇ. ಅದಕ್ಕೆ ಅವರು ಒಳಗೊಳಗೇ ಹಿಗ್ಗುತ್ತಿದ್ದರೆಂದು ನನ್ನ ಅನುಮಾನ.

ಎಂಬತ್ನಾಲ್ಕರ ಡಿಸೆಂಬರಿನಲ್ಲಿ ಭೋಪಾಲದ ಸುದ್ದಿ ಬಂತು. ಭಾವ ಪತ್ರಿಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ಇಡೀ ಬೆಳಗು ಜಗುಲಿಯಲ್ಲಿ ಕುಳಿತರು. ನಾನು ಕಾಫಿ ತಂದಿಟ್ಟಾಗ, “ಯಾವ ಕಡೆ ಓಡ್ಬೇಕು ಅಂತ ಆ ಜನಕ್ಕೆ ಯಾರೂ ಹೇಳೇ ಇರಲಿಲ್ಲಮ್ಮ” ಎಂದರು. ಸ್ವಲ್ಪ ಹೊತ್ತಾದ ಮೇಲೆ, “ಅವರ ಬುತ್ತಿ ಕಿತ್ಕೊಂಡು ಓಡೋಕೆ ಒಬ್ಬರೂ ಇರಲಿಲ್ಲ” ಎಂದರು. ಕಾಫಿ ಆರಿಹೋಯಿತು. ಆ ದಶಕ ಮುಗಿಯುವ ಮೊದಲು ಕಾನೂನು ಬದಲಾಯಿತು. ಒಳಗೆ ಏನಿದೆ, ಸೋರಿದರೆ ಏನು ಮಾಡಬೇಕು ಎಂಬುದನ್ನು ಕಾರ್ಖಾನೆಗಳು ಕಾಂಪೌಂಡಿನ ಹೊರಗಿನವರಿಗೂ ತಿಳಿಸಲೇಬೇಕೆಂದಾಯಿತು. ಭಾವ ಅದನ್ನು ಓದಿ ಸಂತೋಷಪಡಲಿಲ್ಲ. “ಎಷ್ಟು ಜನ ಹೋದ್ಮೇಲೆ” ಎಂದಷ್ಟೇ ಹೇಳಿದರು.

ಭಾವ ಈಗಿಲ್ಲ. ಕಾರ್ಖಾನೆ ಮುಚ್ಚಿತು, ಬಂಡೆಯನ್ನು ಒಡೆದು ಜಲ್ಲಿ ಮಾಡಿದರು, ನಮ್ಮ ಮನೆ ಇದ್ದ ಕಡೆ ಈ ಅಪಾರ್ಟ್‌ಮೆಂಟು ಎದ್ದಿದೆ. ನಮ್ಮಲ್ಲೂ ಒಂದು ಅಪಾಯದ ಗಂಟೆ ಉಂಟು. ಪ್ರತಿ ಶನಿವಾರ ಬೆಳಿಗ್ಗೆ ಕೆಲಸ ಮಾಡುತ್ತದೋ ಇಲ್ಲವೋ ಎಂದು ಬಾರಿಸಿ ನೋಡುತ್ತಾರೆ. ಮೊನ್ನೆ ಊದುಬತ್ತಿ ಹಿಡಿದು ರಮ್ಯಾಳಿಗೆ ಇಷ್ಟೆಲ್ಲ ಕಥೆ ಹೇಳಿ ಮುಗಿಸುವ ಹೊತ್ತಿಗೆ ಸರಿಯಾಗಿ ಅದು ಬಾರಿಸಿತು. ನಾನು ಒಳಗೆ ಹೋದೆ. ಕುಕ್ಕರು ಒಲೆಯ ಮೇಲೆ ಇಟ್ಟೆ. ಹೊತ್ತಿಸಿದೆ. ಪ್ರತಿ ಶನಿವಾರವೂ ಆ ಗಂಟೆ ಕೇಳಿಯೇ ನಾನು ಅನ್ನಕ್ಕಿಡುವುದು ಎಂದು ನನಗೆ ಹೊಳೆದದ್ದು ಕೈಯಲ್ಲಿದ್ದ ಲೈಟರನ್ನು ನೋಡಿದಾಗ.

ಒಲೆ ಆರಿಸಿ, ಚಪ್ಪಲಿ ಮೆಟ್ಟಿ ಹೊರಗೆ ಬಂದೆ. ರಮ್ಯಾ ಅವಳ ಬಾಗಿಲಲ್ಲಿ ನಿಂತಿದ್ದಳು.

“ಬರೀ ಟೆಸ್ಟಿಂಗ್ ಆಂಟಿ, ಪ್ರತಿ ಶನಿವಾರ ಮಾಡ್ತಾರಲ್ಲ!”

“ಗೊತ್ತಮ್ಮ. ಬಾ, ಮೆಟ್ಟಿಲಲ್ಲಿ ಇಳಿಯೋಣ.”

“ಅಯ್ಯೋ, ಕಾಫಿ ಕುಡೀತಿದೀನಿ ಆಂಟಿ...”

ಅವಳ ಕೈಯಿಂದ ಲೋಟ ಕಿತ್ತುಕೊಂಡು ನಾನು ಮೆಟ್ಟಿಲು ಇಳಿಯತೊಡಗಿದೆ. ಮೊಣಕಾಲು ನೋವು ಎಂದು ಲಿಫ್ಟ್ ಬಿಟ್ಟು ಕದಲದವಳು. ಹಿಂದಿನಿಂದ, “ಆಂಟೀ, ನನ್ನ ಕಾಫಿ!” ಎಂದು ನಗುತ್ತಾ ಅವಳು ಇಳಿದು ಬರುವ ಸದ್ದು ಕೇಳಿಸಿತು.